ಮೊದಲು ಫೈಲು ಬಿಡಿಸಿಕೊಳ್ಳಿ

ಓದುಗರ ಪ್ರಶ್ನೆ, ಲ್ಯಾಬ್ ಮೇಡಂ ಉತ್ತರ

ಹೋದ ಸಂಚಿಕೆಯಲ್ಲಿ, ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸಿನ ಬೀಗ ಮುರಿದ ಸಾಫ್ಟ್‌ವೇರ್ ಬಿಟ್ಟು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶ ಕಲಿಯಿರಿ ಅಂತ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧ ಬೈಗುಳ, ಅರ್ಧ ಪ್ರಶ್ನೆ. ಬೈಗುಳಕ್ಕೆ ಸಂಪಾದಕರು ಜಾಗ ಕೊಡಲಿಲ್ಲ. ತುಮಕೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು ನಾನು. ಬೆಳಗಿನಿಂದ ಸಂಜೆವರೆಗೆ 'ಮೇಡಂ, ಸಿಸ್ಟಂ ಆನ್ ಆಗ್ತಿಲ್ಲ' ಅನ್ನುವ ಕೂಗಿಗೆ ಓಗೊಡುವುದೇ ಕೆಲಸ. ಉತ್ತರಗಳೂ ಅದೇ ಧಾಟಿಯಲ್ಲಿವೆ, ಹೊಂದಿಕೊಳ್ಳಿ.

ಮೇಡಂ, ನಮ್ಮೂರಲ್ಲಿ ಒಂದಿಷ್ಟು ದುಡ್ಡು ಕೊಟ್ರೆ ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲಾ ಹಾಕಿಕೊಡ್ತಾರೆ. ಲೈಸೆನ್ಸ್ ಯಾರೂ ಕೇಳಲ್ಲ. ಹಿಂಗಿರುವಾಗ ಪುಕ್ಕಟೆ ಅಂತ ವಿಂಡೋಸ್ ಬದಲು ಲಿನಕ್ಸ್ ಯಾಕೆ ಹಾಕ್ಕೋಬೇಕು?
— ರೇಷ್ಮೆ ರೀಲರ್ ಮಗ, ಬಿಸಿಎ ವಿದ್ಯಾರ್ಥಿ, ಶಿಡ್ಲಘಟ್ಟ

ಪುಕ್ಕಟೆ ಅನ್ನೋ ಕಾರಣಕ್ಕೆ ಹಾಕ್ಕೋಬೇಡಪ್ಪ. ಕ್ರ್ಯಾಕೂ ಪುಕ್ಕಟೆ, ಲಿನಕ್ಸೂ ಪುಕ್ಕಟೆ ಅಂದ ಮೇಲೆ ಕೈಗೆ ರೂಢಿಯಾಗಿರೋದೇ ಗೆಲ್ಲುತ್ತೆ. ಆದರೆ ಕ್ರ್ಯಾಕಿನ ಜೊತೆ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಬರುತ್ತಲ್ಲ, ಅದನ್ನು ಒಂದು ಸಲ ಪೂರ್ತಿ ಓದು. ಆ್ಯಂಟಿವೈರಸ್ ಆಫ್ ಮಾಡಿ, ನೆಟ್ ಕಿತ್ತುಹಾಕಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಅಂತ ಇರುತ್ತೆ. ಯಾರು ಬರೆದರೋ ಗೊತ್ತಿಲ್ಲದ ಪ್ರೋಗ್ರಾಮಿಗೆ ಇಡೀ ಸಿಸ್ಟಂ ಒಪ್ಪಿಸಿ ಅಂತ ಅದೇ ಬಾಯಿಬಿಟ್ಟು ಹೇಳುತ್ತಿದೆ. ಅದೇ ಸಿಸ್ಟಂನಲ್ಲಿ ನಿಮ್ಮಪ್ಪ ಗೂಡಿನ ದುಡ್ಡಿಗೆ ನೆಟ್ ಬ್ಯಾಂಕಿಂಗ್ ಮಾಡ್ತಾರೆ ತಾನೆ?

ಇನ್ನು ಲಿನಕ್ಸ್ ಯಾಕೆ ಅನ್ನೋದಕ್ಕೆ ಒಂದು ಪ್ರಿಂಟರಿನ ಕತೆ ಕೇಳು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಅನ್ನುವ ಪ್ರೋಗ್ರಾಮರ್ ಇದ್ದರು. ಪೇಪರ್ ಸಿಕ್ಕಿಹಾಕಿಕೊಂಡರೆ ಪ್ರಿಂಟಿಗೆ ಕಾಯುತ್ತಿದ್ದವರಿಗೆ ಸುದ್ದಿ ಹೋಗುವ ಹಾಗೆ ಹಳೇ ಪ್ರಿಂಟರಿನ ಪ್ರೋಗ್ರಾಮನ್ನು ತಾವೇ ತಿದ್ದಿದ್ದರು. 1980ರ ಸುಮಾರಿಗೆ ಹೊಸ ಲೇಸರ್ ಪ್ರಿಂಟರ್ ಬಂತು, ಅದರ ಸೋರ್ಸ್ ಕೋಡ್, ಅಂದರೆ ಓದಿ ತಿದ್ದಬಹುದಾದ ಮೂಲ ಪ್ರೋಗ್ರಾಮು ಮಾತ್ರ ಬರಲಿಲ್ಲ. ಕೋಡ್ ಇಟ್ಟುಕೊಂಡಿದ್ದ ಬೇರೊಂದು ವಿಶ್ವವಿದ್ಯಾಲಯದವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲ ಅಂತ ಕಂಪನಿಗೆ ಮಾತು ಕೊಟ್ಟಿದ್ದೇನೆ ಅಂದರು. ರಿಪೇರಿ ಬಲ್ಲವನು ಎದುರಿಗೇ ನಿಂತಿದ್ದಾನೆ, ಬಾನೆಟ್ ತೆಗೆಯೋಕೆ ಅಪ್ಪಣೆ ಇಲ್ಲ. ಆ ಸಿಟ್ಟು ಆರದೆ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಪ್ರಕಟಿಸಿದರು, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದರು. ಅವರು ಕೇಳಿದ್ದು ನಾಲ್ಕು ಸ್ವಾತಂತ್ರ್ಯ. ಯಾವ ಕೆಲಸಕ್ಕಾದರೂ ಓಡಿಸುವುದು, ಒಳಗೆ ನೋಡಿ ಬೇಕಾದ ಹಾಗೆ ತಿದ್ದುವುದು, ಪ್ರತಿ ಮಾಡಿ ಹಂಚುವುದು, ತಿದ್ದಿದ್ದನ್ನೂ ಹಂಚುವುದು. ಪ್ರೋಗ್ರಾಮರುಗಳ ಲೆಕ್ಕ ತಾನೆ, ಇವನ್ನು ಸೊನ್ನೆಯಿಂದ ಮೂರರವರೆಗೆ ಎಣಿಸುತ್ತಾರೆ. 1989ರಲ್ಲಿ ಇವನ್ನೆಲ್ಲ ಕಾನೂನಿನ ಭಾಷೆಗೆ ಇಳಿಸಿದ ಜಿಪಿಎಲ್ ಲೈಸೆನ್ಸ್ ಬಂತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಕರ್ನಲ್, ಅಂದರೆ ಇಡೀ ಸಿಸ್ಟಂ ನಡೆಸುವ ತಿರುಳು ಬರೆದ, ಮರುವರ್ಷ ಅದನ್ನೂ ಜಿಪಿಎಲ್‌ಗೆ ತಂದ. ಅದೇ ಲಿನಕ್ಸ್. ನಿನ್ನ ಆಂಡ್ರಾಯ್ಡ್ ಫೋನಿನ ತಳದಲ್ಲಿರೋದೂ ಅದೇ ಕರ್ನಲ್.

ಬಿಸಿಎ ಓದುವವನಿಗೆ ಆ ಒಳಗೆ ನೋಡಿ ತಿದ್ದುವ ಸ್ವಾತಂತ್ರ್ಯವೇ ದೊಡ್ಡ ಆಸ್ತಿ. ಕ್ರ್ಯಾಕ್ ಮಾಡಿದ ಫೋಟೋಶಾಪಿನಲ್ಲಿ ಫೋಟೋಶಾಪ್ ಬಳಸೋದು ಕಲಿಯಬಹುದು. ಅದೇ ಕೆಲಸದ ಸ್ವತಂತ್ರ ತಂತ್ರಾಂಶ ಗಿಂಪ್, ಅದರ ಸೋರ್ಸ್ ಕೋಡ್ ತೆರೆದರೆ ಫೋಟೋ ಮಸುಕು ಮಾಡುವ ಫಿಲ್ಟರ್ ಹೇಗೆ ಬರೆದಿದ್ದಾರೆ ಅನ್ನೋದನ್ನೇ ಓದಬಹುದು.

ಮೇಡಂ, ವರ್ಷಗಟ್ಟಲೆಯಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಪೇಜ್‌ಮೇಕರ್, ಕೋರೆಲ್‌ಡ್ರಾ, ನುಡಿ ಇಷ್ಟೇ ನನಗೆ ಗೊತ್ತು. ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ ಎಲ್ಲದರ ಹಳೇ ಫೈಲು ಇಟ್ಟಿದ್ದೇನೆ. ಹೊಸ ಲ್ಯಾಪ್‌ಟಾಪಿನಲ್ಲಿ ಪೇಜ್‌ಮೇಕರ್ ಏಳುತ್ತಲೇ ಇಲ್ಲ. ಮಗ ಲಿನಕ್ಸ್ ಹಾಕು ಅಂತಾನೆ. ಹಾಕಿದರೆ ಈ ಫೈಲುಗಳ ಗತಿ ಏನು?
— ಡಿಟಿಪಿ ಆಪರೇಟರ್, ತುಮಕೂರು

ಈಗಲೇ ಲಿನಕ್ಸ್ ಹಾಕಬೇಡಿ ಸಾರ್. ಮಗನಿಗೆ ನಾನು ಹೇಳಿದೆ ಅಂತ ಹೇಳಿ. ಮೊದಲು ಫೈಲು ಬಿಡಿಸಿಕೊಳ್ಳಿ.

ಬಿಡಿಸಿಕೊಳ್ಳುವುದು ಅಂತ ಬೇಕೆಂದೇ ಅಂದೆ. ನಿಮ್ಮ ಫೈಲು ಗಿರವಿ ಅಂಗಡಿಯಲ್ಲಿರುವ ಒಡವೆ ಇದ್ದ ಹಾಗೆ. ಒಡವೆ ನಿಮ್ಮದೇ, ಪೆಟ್ಟಿಗೆ ಅವರದು. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. 2004ರಲ್ಲಿ ಕಂಪನಿ ಅದರ ಬೆಳವಣಿಗೆ ನಿಲ್ಲಿಸಿತು. ಅಂಗಡಿಯವನು ಬಾಗಿಲು ಎಳೆದುಕೊಂಡು ಹೋಗಿ ಇಷ್ಟು ವರ್ಷವಾದ ಮೇಲೂ ನೀವು ಬಾಗಿಲ ಮುಂದೆ ನಿಂತಿದ್ದೀರಿ. ಲಿನಕ್ಸ್ ಹಾಕಿದರೂ ವಿಂಡೋಸಿನಲ್ಲೇ ಇದ್ದರೂ ಈ ಕಷ್ಟ ತಪ್ಪುವುದಿಲ್ಲ.

ದಾರಿ ಇದೆ. ಈಗಿರುವ ವಿಂಡೋಸಿನಲ್ಲೇ ಲಿಬ್ರೆಆಫೀಸ್ ಹಾಕಿ, ಎಂಎಸ್ ಆಫೀಸಿನ ಕೆಲಸ ಮಾಡುವ ಸ್ವತಂತ್ರ ತಂತ್ರಾಂಶ ಅದು. ಅದರೊಳಗಿನ ಡ್ರಾ ಅನ್ನುವ ಭಾಗ ಪೇಜ್‌ಮೇಕರ್ 6 ಮತ್ತು 7ರ ಫೈಲುಗಳನ್ನು ತೆರೆಯುತ್ತದೆ, ಕೋರೆಲ್‌ಡ್ರಾ ಫೈಲನ್ನೂ ತೆರೆಯುತ್ತದೆ. ಇದಕ್ಕಾಗಿ ಕಂಪನಿಗಳು ಯಾರಿಗೂ ಕೈಪಿಡಿ ಕೊಟ್ಟಿರಲಿಲ್ಲ. ಸ್ವಯಂಸೇವಕರು ಫೈಲುಗಳನ್ನು ಬೈಟ್ ಬೈಟಾಗಿ ಬಿಡಿಸಿ ನೋಡಿ ಕಂಡುಕೊಂಡ ವಿದ್ಯೆ ಅದು. ಪುಟ ಅಚ್ಚುಕಟ್ಟಾಗಿ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಬಾರ್ಡರ್ ಒಂದು ಕಡೆ, ಗಣಪತಿ ಇನ್ನೊಂದು ಕಡೆ ಕೂತಿರುತ್ತಾನೆ. ಆದರೆ ಪಠ್ಯ ಕೈಗೆ ಸಿಗುತ್ತದೆ, ನಮಗೆ ಬೇಕಾದದ್ದೂ ಅದೇ.

ಸಿಕ್ಕ ಪಠ್ಯ ಇನ್ನೂ ಕನ್ನಡವಾಗಿರುವುದಿಲ್ಲ. ಹಳೇ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ನಮ್ಮ ಅಕ್ಷರದ ಚೂರುಗಳನ್ನು ಕೂರಿಸಿದ್ದಾರೆ. ಫಾಂಟ್ ತೆಗೆದರೆ ಉಳಿಯುವುದು ಕಾಗೆಕಾಲು ಗುಬ್ಬಿಕಾಲು. ಇದನ್ನು ಎಲ್ಲ ಕಂಪ್ಯೂಟರೂ ಕನ್ನಡ ಅಂತಲೇ ಗುರುತಿಸುವ ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಕೆಲವು ಮುಕ್ತ ಲೈಸೆನ್ಸಿನವೇ. ಆದರೆ ಒಂದು ಕಡೆ ಕಣ್ಣಿಡಿ. 'ಸೂರ್ಯ' ಅಂತ ತೆಗೆದುಕೊಳ್ಳಿ. ಹಳೇ ಫಾಂಟಿನಲ್ಲಿ ಮೊದಲು 'ಸೂ', ಆಮೇಲೆ 'ಯ', ಕೊನೆಗೆ ಅರ್ಕಾವತ್ತು, ಅಂದರೆ ಕಣ್ಣಿಗೆ ಕಾಣುವ ಕ್ರಮ. ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ, ರಕಾರ ಮೊದಲು, ಯಕಾರ ಆಮೇಲೆ. ಪರಿವರ್ತಕ ಅದನ್ನು ಹಿಂದುಮುಂದು ಮಾಡಿ ಜೋಡಿಸಬೇಕು. ಒತ್ತಕ್ಷರ, ಅರ್ಕಾವತ್ತು, ದೀರ್ಘ ಮೂರೂ ಒಟ್ಟಿಗೆ ಬಂದ ಕಡೆ ಅದು ಎಡವುತ್ತದೆ. ಲಗ್ನಪತ್ರಿಕೆಯವರಿಗೆ ಇದು ಸಣ್ಣ ವಿಷಯವಲ್ಲ. ಧರ್ಮೇಂದ್ರ, ಕೀರ್ತಿ, ಪೂರ್ಣಿಮಾ, ಎಲ್ಲ ಹೆಸರಲ್ಲೂ ಅರ್ಕಾವತ್ತೇ. ತಿರುಗಿಸಿದ ಮೇಲೆ ಹೆಸರು, ಊರು, ಮುಹೂರ್ತ ಮೂರನ್ನೂ ಕೈಬೆರಳಿಟ್ಟು ಓದಿ.

ಓದಿ ಸರಿಪಡಿಸಿದ್ದನ್ನು ಒಡಿಟಿ ಫೈಲಾಗಿ ಉಳಿಸಿ. ಅದು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲದ ಓಪನ್ ಡಾಕ್ಯುಮೆಂಟ್ ನಮೂನೆ, 2006ರಿಂದ ಐಎಸ್ಒ ಮಾನಕ. ನಾಳೆ ಲಿಬ್ರೆಆಫೀಸೇ ಮುಚ್ಚಿಹೋದರೂ ಬೇರೆಯವರು ತೆರೆಯಬಹುದು. ಎಲ್ಲಾ ಹಳೇ ಕೆಲಸವನ್ನೂ ಬಿಡಿಸಲು ಹೋಗಬೇಡಿ. ಹತ್ತು ವರ್ಷದ ಹಿಂದಿನ ಗೃಹಪ್ರವೇಶದ ಕಾರ್ಡು ಯಾರಿಗೆ ಬೇಕು? ಸ್ಮರಣ ಸಂಚಿಕೆಗಳನ್ನು ಮಾತ್ರ ಬಿಡಬೇಡಿ. ಊರಿನ ಎಷ್ಟೋ ವಿಷಯ ಅವುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ.

ಹೊಸ ಕೆಲಸಕ್ಕೆ ಕಾರ್ಡು, ಕರಪತ್ರವಾದರೆ ಇಂಕ್‌ಸ್ಕೇಪ್, ಪುಸ್ತಕವಾದರೆ ಸ್ಕ್ರೈಬಸ್. ಸ್ಕ್ರೈಬಸ್ ಬಹಳ ಕಾಲ ಕನ್ನಡ ಒತ್ತಕ್ಷರ ಜೋಡಿಸಲಾರದೆ ಒದ್ದಾಡಿತು. 2024ರಲ್ಲಿ ಬಂದ 1.6ರಲ್ಲಿ ಸರಿಯಾಗಿ ಬರುತ್ತದೆ, ಅದಕ್ಕಿಂತ ಹಳೆಯದನ್ನು ಹಾಕಿ ನನ್ನನ್ನು ಬೈಯಬೇಡಿ. ಟೈಪಿಂಗ್ ಹೊಸದಾಗಿ ಕಲಿಯುವ ಗೋಜಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನಿಮ್ಮ ಬೆರಳಿಗೆ ಗೊತ್ತಿರುವ ಕಗಪ ಕೀಲಿಮಣೆ ಲಿನಕ್ಸಿನಲ್ಲೂ ಇದೆ. ಫಾಂಟಿಗೆ ನೋಟೊ, ಲೋಹಿತ್, ಗುಬ್ಬಿ, ನವಿಲು ಇವೆ. ಗುಬ್ಬಿ ಅಂದ ತಕ್ಷಣ ನಮ್ಮ ತಾಲ್ಲೂಕು ಅಂತ ಹಿಗ್ಗಬೇಡಿ, ಪಕ್ಕದಲ್ಲೇ ನವಿಲು ಇದೆ.

ಕೊರತೆಯನ್ನೂ ಹೇಳಿಬಿಡುತ್ತೇನೆ. ಲಗ್ನಪತ್ರಿಕೆಯ ತಲೆಬರಹಕ್ಕೆ ಬೇಕಾದ ಬಳುಕಿನ ಕನ್ನಡ ಫಾಂಟುಗಳು ಮುಕ್ತ ಲೈಸೆನ್ಸಿನಲ್ಲಿ ಬಹಳ ಕಮ್ಮಿ. ಆಫ್‌ಸೆಟ್‌ಗೆ ಬೇಕಾದ ನಾಲ್ಕು ಬಣ್ಣದ ವಿಂಗಡಣೆ ಸ್ಕ್ರೈಬಸ್ಸಿನಲ್ಲಿ ಚೆನ್ನಾಗಿದೆ, ಇಂಕ್‌ಸ್ಕೇಪಿನಲ್ಲಿ ಅಷ್ಟಕ್ಕಷ್ಟೆ. ಹಾಗಾಗಿ ಪ್ರೆಸ್ಸಿನವರು ಕೋರೆಲ್ ಫೈಲೇ ಬೇಕು ಅಂತ ಹಟ ಹಿಡಿದಿರುವ ತನಕ ಕೋರೆಲ್ ಇರುವ ಒಂದು ಮಿಷಿನ್ ಅಂಗಡಿಯಲ್ಲಿರಲಿ. ಪಿಡಿಎಫ್ ಕೊಟ್ಟರೆ ಒಪ್ಪುವ ಪ್ರೆಸ್ಸು ಸಿಕ್ಕ ದಿನ ಮಗನನ್ನು ಕರೆದು ಲಿನಕ್ಸ್ ಹಾಕಿಸಿ.

ನಮ್ಮ ಪ್ರೌಢಶಾಲೆಯ ಲ್ಯಾಬಿನ ಕಂಪ್ಯೂಟರುಗಳು ವಿಂಡೋಸ್ 11ಕ್ಕೆ ಆಗುವುದಿಲ್ಲ ಅಂತ ತೋರಿಸುತ್ತಿವೆ. ಗುಜರಿಗೆ ಹಾಕಬೇಕೆ?
— ಗಣಿತ ಶಿಕ್ಷಕಿ, ಗೌರಿಬಿದನೂರು

ಬೇಡ ಮೇಡಂ. ಮಿಷಿನ್ ಕೆಟ್ಟಿಲ್ಲ. ವಿಂಡೋಸ್ 11 ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಕೇಳುತ್ತದೆ, ಹೊಸ ಪೀಳಿಗೆಯ ಪ್ರೊಸೆಸರ್ ಕೇಳುತ್ತದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ಲಿನಕ್ಸ್ ಹಾಕಿ. ಅದರದೇ ಒಂದು ರೂಪವಾದ ಲಿನಕ್ಸ್ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಗೆ 2 ಜಿಬಿ ರ‍್ಯಾಮ್ ಇದ್ದರೆ ಜೀವ, 4 ಜಿಬಿ ಇದ್ದರೆ ಆರಾಮ. ಶಾಲೆಯಲ್ಲಿ ದುಡ್ಡು ಸ್ವಲ್ಪವೇ ಇದ್ದರೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಅದರಷ್ಟು ವ್ಯತ್ಯಾಸ ಇನ್ಯಾವುದೂ ಮಾಡುವುದಿಲ್ಲ.

ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಕಂಪ್ಯೂಟರಿಗೆ ಹಾಕದೆಯೇ, ಮೊದಲು ಓಡಿಸಿ ನೋಡಿ. ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ, ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದರೆ ಹಳೇ ವಿಂಡೋಸ್ ಹಾಗೇ ಇರುತ್ತದೆ. ಆಗಲೇ ವೈಫೈ, ಸೌಂಡು, ಪ್ರೊಜೆಕ್ಟರ್, ಮುಖ್ಯವಾಗಿ ಪ್ರಿಂಟರ್ ನೋಡಿಕೊಳ್ಳಿ. ಲಿನಕ್ಸಿಗೆ ಮುಖ ತಿರುಗಿಸುವ ಪ್ರಿಂಟರುಗಳಿವೆ, ಹೆಡ್‌ಮಾಸ್ಟರ್ ಮಾರ್ಕ್ಸ್ ಕಾರ್ಡ್ ತೆಗೆಯುವ ದಿನ ಇದು ಗೊತ್ತಾಗಬಾರದು. ಒಂದು ಮಿಷಿನ್ನಿಗೆ ಹಾಕಿ, ಒಂದು ತಿಂಗಳು ಮಕ್ಕಳ ಕೈಗೆ ಕೊಡಿ, ಆಮೇಲೆ ಉಳಿದವು. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಆಮೇಲೆ ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. ಅಲ್ಲಿನ ಸರ್ಕಾರಿ ಶಾಲೆಯ ಮಕ್ಕಳು ಕಲಿಯುವುದು ಲಿನಕ್ಸಿನಲ್ಲೇ.

ಗಣಿತಕ್ಕೆ ಜಿಯೋಜೀಬ್ರ ಇದೆ. ವ್ಯಾಪಾರಕ್ಕೆ ಅದರ ಷರತ್ತು ಬೇರೆ, ಶಾಲೆಗೆ ತೊಂದರೆಯಿಲ್ಲ. ವಿಜ್ಞಾನದವರಿಗೆ ಸ್ಟೆಲೇರಿಯಂ ತೋರಿಸಿ, ಅದರಲ್ಲಿ ಗೌರಿಬಿದನೂರನ್ನೇ ಆರಿಸಿದರೆ ಆವತ್ತು ರಾತ್ರಿ ನಿಮ್ಮ ಶಾಲೆಯ ಮೇಲಿನ ಆಕಾಶವೇ ಬರುತ್ತದೆ. ರೇಡಿಯೋ ದೂರದರ್ಶಕ ಇರುವ ಊರಿನ ಮಕ್ಕಳು ಅಷ್ಟಾದರೂ ನೋಡಬೇಡವೇ? ಕಲಿಯುವುದಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಹಲವು ಕನ್ನಡದ ಧ್ವನಿಯಲ್ಲೂ ಇವೆ. ನೋಡುತ್ತಾ, ನಿಲ್ಲಿಸುತ್ತಾ, ಪಕ್ಕದಲ್ಲೇ ಮಾಡುತ್ತಾ ಹೋಗುವ ಹಾಗೆ ಮಾಡಿದ್ದಾರೆ.

ಕೋಡ್ ಎಲ್ಲರಿಗೂ ಕಾಣುತ್ತೆ ಅಂದರೆ ಕಳ್ಳನಿಗೂ ಕಾಣುತ್ತಲ್ಲಮ್ಮ?
— ನಿವೃತ್ತ ನೌಕರರು, ಕೆಜಿಎಫ್

ಕಾಣುತ್ತದೆ ಸಾರ್, ಸುಳ್ಳು ಹೇಳಲಾರೆ. 2024ರ ಮಾರ್ಚಿನಲ್ಲಿ ಏನಾಯಿತು ಗೊತ್ತೆ? ಆ್ಯಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ತಮ್ಮ ಕೆಲಸದ ನಡುವೆ, ಇನ್ನೊಂದು ಕಂಪ್ಯೂಟರಿಗೆ ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವಾಗುತ್ತಿದೆ ಅಂತ ಗಮನಿಸಿದರು. ನಾವಾಗಿದ್ದರೆ ನೆಟ್ ಸ್ಲೋ ಅಂತ ಬೈದು ಸುಮ್ಮನಾಗುತ್ತಿದ್ದೆವು. ಅವರು ಬೆನ್ನುಹತ್ತಿದರು. ಫೈಲು ಕುಗ್ಗಿಸುವ ಎಕ್ಸ್‌ಝೆಡ್ ಅನ್ನುವ ಸಣ್ಣ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಇಟ್ಟವನು ವರ್ಷಗಟ್ಟಲೆ ಒಳ್ಳೆಯ ಸ್ವಯಂಸೇವಕನಂತೆ ದುಡಿದು, ಒಬ್ಬರೇ ಹೊತ್ತು ದಣಿದಿದ್ದ ಮೂಲ ನಿರ್ವಾಹಕರ ನಂಬಿಕೆ ಗಳಿಸಿಕೊಂಡಿದ್ದ.

ಕೋಡ್ ಕೈಗೆ ಸಿಗುತ್ತಿದ್ದದ್ದರಿಂದ ಹೊರಗಿನವರೊಬ್ಬರು ಹಿಡಿದರು, ಇದು ಸಮಾಧಾನ. ಪ್ರಪಂಚವೆಲ್ಲ ಬಳಸುವ ತಂತ್ರಾಂಶವನ್ನು ಒಬ್ಬ ದಣಿದ ಮನುಷ್ಯ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು, ಇದು ನಾಚಿಕೆ. ಓಪನ್‌ಎಸ್‌ಎಸ್‌ಎಲ್‌ನ (ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ತಂತ್ರಾಂಶ ಅದು) ಹಾರ್ಟ್‌ಬ್ಲೀಡ್ ದೋಷ 2012ರಿಂದ 2014ರವರೆಗೆ ಎಲ್ಲರ ಕಣ್ಣೆದುರೇ ಇತ್ತು, ಯಾರೂ ನೋಡಲಿಲ್ಲ. ಓದುವ ಹಕ್ಕು ಇದ್ದರೆ ಸಾಲದು, ಓದುವವರಿಗೆ ಸಂಬಳವೂ ಬೇಕು ಅನ್ನುವುದು ನನ್ನ ಹಳೇ ತಕರಾರು. ನಿಮ್ಮ ಮನೆಯ ಮಟ್ಟಿಗೆ, ಅಪ್‌ಡೇಟ್ ಬಂದಾಗ 'ಆಮೇಲೆ' ಒತ್ತಬೇಡಿ.

ನಮ್ಮೂರಿನ ಕೆರೆಗೆ ಯಾವ ಮೊಬೈಲ್ ಮ್ಯಾಪಿನಲ್ಲೂ ಹೆಸರಿಲ್ಲ. ಯಾರಿಗೆ ಅರ್ಜಿ ಕೊಡಬೇಕು?
— ಗ್ರಾಮ ಪಂಚಾಯಿತಿ ಸದಸ್ಯರು, ಮುಳಬಾಗಿಲು ತಾಲ್ಲೂಕು

ಅರ್ಜಿ ಬೇಡ, ನೀವೇ ಬರೆಯಿರಿ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರು ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಖಾತೆ ತೆರೆದು ನಿಮ್ಮೂರಿಗೆ ಹೋಗಿ 'ಎಡಿಟ್' ಒತ್ತಿದರೆ ಉಪಗ್ರಹ ಚಿತ್ರ ಬರುತ್ತದೆ. ಕೆರೆಯ ಅಂಚಿನ ಮೇಲೆ ಚುಕ್ಕಿ ಇಡುತ್ತಾ ಸುತ್ತು ಬನ್ನಿ. ಏರಿ, ಕೋಡಿ, ತೂಬು ಎಲ್ಲಕ್ಕೂ ಬೇರೆಬೇರೆ ಗುರುತುಗಳಿವೆ. ಕನ್ನಡದ ಹೆಸರಿಗೆ ಪ್ರತ್ಯೇಕ ಜಾಗವಿದೆ, ಅದನ್ನು ಖಾಲಿ ಬಿಡಬೇಡಿ.

ಎರಡು ಎಚ್ಚರಿಕೆ. ಬೇರೆ ಕಂಪನಿಯ ಮ್ಯಾಪು ನೋಡಿ ನಕಲು ಮಾಡುವ ಹಾಗಿಲ್ಲ, ಅದು ಅವರ ಸ್ವತ್ತು. ಮತ್ತೆ ಉಪಗ್ರಹ ಚಿತ್ರ ಹಳೆಯದಿರಬಹುದು. 2018ರಲ್ಲಿ ಬೆಂಗಳೂರಿನಲ್ಲಿ ಶುದ್ಧಮಾಡಿದ ಕೆ.ಸಿ. ವ್ಯಾಲಿ ನೀರು ಕೋಲಾರ ಜಿಲ್ಲೆಗೆ ಬಂದ ಮೇಲೆ ತುಂಬಿದ ಕೆರೆ ಅದರಲ್ಲಿ ಬರೀ ಬಯಲಾಗಿ ಕಂಡೀತು. ನೀವು ಏರಿಯ ಮೇಲೆ ನಿಂತು ಕಂಡದ್ದನ್ನೇ ನಂಬಿ. ಹೀಗೆ ಸೇರಿಸಿದ್ದು ಸ್ವಲ್ಪ ದಿನಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪಿನಲ್ಲೂ ಕಾಣುತ್ತದೆ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದ ಕಡೆಯೂ.

ಮೇಡಂ, ನಾನು ಕನ್ನಡ ಮಾಧ್ಯಮದವಳು. ಕೋಡಿಂಗ್ ಅಷ್ಟಾಗಿ ಬರಲ್ಲ. ಕೋಡ್ ಎಲ್ಲರಿಗೂ ತೆರೆದಿಡುವ ಓಪನ್ ಸೋರ್ಸ್ ತಂತ್ರಾಂಶಕ್ಕೆ ಕೆಲಸ ಮಾಡಿದರೆ ಉದ್ಯೋಗ ಸಿಗುತ್ತೆ ಅಂತಾರೆ, ನಿಜವಾ? ಎಲ್ಲಿಂದ ಶುರು ಮಾಡಲಿ?
— ಡಿಗ್ರಿ ವಿದ್ಯಾರ್ಥಿನಿ, ತಿಪಟೂರು

ಕೆಲಸ ಕೊಡಿಸುತ್ತೆ ಅಂತ ಗ್ಯಾರಂಟಿ ಕೊಡೋಕೆ ನಾನು ಕೋಚಿಂಗ್ ಸೆಂಟರ್ ಅಲ್ಲ ಕಣಮ್ಮ. ಆದರೆ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಇರೋದೆಲ್ಲ ಲಿನಕ್ಸೇ. ಬೆಂಗಳೂರಿನ ಕಂಪನಿಗಳ ಸರ್ವರುಗಳಲ್ಲೂ ಬಹುಪಾಲು ಅದೇ. ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ಲಿಗೆ ಹೆದರದವಳು ಇಂಟರ್‌ವ್ಯೂನಲ್ಲಿ ಎದ್ದು ಕಾಣುತ್ತಾಳೆ. ಲಿನಕ್ಸ್ ಬರೆದ ಲೀನಸ್ 2005ರಲ್ಲಿ ಬರೆದ ಗಿಟ್ ಕಲಿ, ಕೋಡಿನಲ್ಲಿ ಯಾರು ಏನು ಬದಲಿಸಿದರು ಅಂತ ಲೆಕ್ಕ ಇಡುವ ತಂತ್ರಾಂಶ, ಅದು ಗೊತ್ತಿಲ್ಲದೆ ಯಾವ ತಂಡದಲ್ಲೂ ನಡೆಯಲ್ಲ.

ಶುರು ಮಾಡೋಕೆ ಕೋಡಿಂಗೇ ಬೇಕಂತಿಲ್ಲ. ಒಂದು ದೋಷವನ್ನು ನೆಟ್ಟಗೆ ವರದಿ ಮಾಡೋದು ಕಲಿ. 'ಕನ್ನಡ ಸರಿ ಬರ್ತಿಲ್ಲ' ಅಂತ ಬರೆದರೆ ಜರ್ಮನಿಯಲ್ಲಿ ಕೂತವರು ಏನು ಮಾಡಬೇಕು? ಯಾವ ಆವೃತ್ತಿ, ಯಾವ ಫಾಂಟು, ಯಾವ ಪದ ಟೈಪ್ ಮಾಡಿದೆ, ಏನು ಬರಬೇಕಿತ್ತು, ಏನು ಬಂತು, ಜೊತೆಗೊಂದು ಸ್ಕ್ರೀನ್‌ಶಾಟು. ಕನ್ನಡ ಓದಲು ಬಾರದವರೂ ಎರಡು ಚಿತ್ರ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಕಾಣಬೇಕು. ಇಂಗ್ಲಿಷ್ ತಪ್ಪಾದರೆ ಯಾರೂ ನಗಲ್ಲ, ವಿವರ ಇಲ್ಲದಿದ್ದರೆ ಮಾತ್ರ ವರದಿಯನ್ನೇ ತಳ್ಳಿಹಾಕ್ತಾರೆ. ಈ ಕೆಲಸಕ್ಕೆ ಕನ್ನಡ ಬಲ್ಲವರೇ ಬೇಕು, ಕನ್ನಡ ಮಾಧ್ಯಮ ನಿನಗೆ ಇಲ್ಲಿ ಬಂಡವಾಳ.

ಆಮೇಲೆ ಅನುವಾದ. ಲಿಬ್ರೆಆಫೀಸಿನ ಮೆನುಗಳನ್ನು ವೆಬ್‌ಲೇಟ್ ಅನ್ನುವ ತಾಣದಲ್ಲಿ ಬ್ರೌಸರಿನಲ್ಲೇ ಕನ್ನಡಕ್ಕೆ ತರಬಹುದು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿಗೆ ತಂದದ್ದರಿಂದ, ಮೂಲ ಹೆಸರಿಸಿ ಅದೇ ಷರತ್ತಿನಲ್ಲಿ ಅದರ ಲೇಖನಗಳನ್ನು ಯಾರು ಬೇಕಾದರೂ ತಿದ್ದಿ ಹೊಸತು ಮಾಡಬಹುದು. ಹಳೇ ಲೇಖನ ಒಂದನ್ನು ತೆಗೆದುಕೊಂಡು ಅಂಕಿಅಂಶ ಇವತ್ತಿಗೆ ತಂದರೂ ಅದು ದೊಡ್ಡ ಅಭ್ಯಾಸ. ಜೊತೆ ಬೇಕೆನಿಸಿದರೆ ಬೆಂಗಳೂರಿನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಇದೆ, ವಿದ್ಯಾರ್ಥಿಗಳಿಗೆ ಶಿಬಿರ ಮಾಡುತ್ತಾ ಬಂದವರು.

ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೀತೀನಿ. ಟ್ಯಾಲಿ ಲಿನಕ್ಸಿನಲ್ಲಿ ಓಡುತ್ತಾ ಮೇಡಂ?
— ಮಂಡಿ ರೈಟರ್, ಕೋಲಾರ

ಅದು ವಿಂಡೋಸಿಗೆ ಮಾಡಿದ್ದು. ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಅನ್ನುವ ತಂತ್ರಾಂಶ ಹಾಕಿ ಓಡಿಸಬಹುದು ಅಂತ ಯಾರಾದರೂ ಹೇಳಿದರೆ, ಸೀಸನ್ನಿನಲ್ಲಿ ನಿಮ್ಮ ಲೆಕ್ಕದ ಮೇಲೆ ಆ ಪ್ರಯೋಗ ಬೇಡ. ನಿಮ್ಮ ಆಡಿಟರ್ ಕೇಳುವುದೂ ಟ್ಯಾಲಿಯನ್ನೇ, ಲೈಸೆನ್ಸ್ ಕೊಂಡು ವಿಂಡೋಸಿನಲ್ಲೇ ಇಟ್ಟುಕೊಳ್ಳಿ. ಕ್ರೇಟಿನ ಲೆಕ್ಕ, ಲಾರಿ ಬಾಡಿಗೆ, ರೈತರ ಬಾಕಿ ಪಟ್ಟಿ ಎಕ್ಸೆಲ್ಲಿನಲ್ಲಿದ್ದರೆ ಅಷ್ಟನ್ನು ಲಿಬ್ರೆಆಫೀಸ್ ಕ್ಯಾಲ್ಕಿಗೆ ತನ್ನಿ. ತಿಂಗಳ ಕೊನೆಗೆ ಟ್ಯಾಲಿಯ ಲೆಡ್ಜರನ್ನು ಎಕ್ಸೆಲ್ ಮತ್ತು ಪಿಡಿಎಫ್ ಎರಡರಲ್ಲೂ ಹೊರತೆಗೆದು ಪೆನ್‌ಡ್ರೈವಿಗೆ ಹಾಕಿ. ಆ ಪೆನ್‌ಡ್ರೈವ್ ಮಂಡಿಯಲ್ಲಿಡಬೇಡಿ, ಮನೆಯಲ್ಲಿಡಿ.